ಬಿಡುವಿದೆಯಾ ಅಂತ ಕೇಳಿ, ಯಾಕಿಲ್ಲ ಅಂತ ಕೇಳಬೇಡಿ

ಈ ಸಾಲನ್ನ ಒಮ್ಮೆ ಗಟ್ಟಿಯಾಗಿ ಓದಿ: “ಗೂಗಲ್ ಕ್ಯಾಲೆಂಡರ್ ಮೂಲಕ ನಿಮಗೆ ಸಿಗುವ ಎಲ್ಲ ಕ್ಯಾಲೆಂಡರುಗಳನ್ನು ನೋಡುವುದು, ತಿದ್ದುವುದು, ಹಂಚುವುದು ಮತ್ತು ಶಾಶ್ವತವಾಗಿ ಅಳಿಸುವುದು.”

ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತ ಪತ್ರಬರಹಗಾರರು ಬರೆದ ಜಿಪಿಎ ಥರ ಇದೆ ಅಲ್ವಾ? ಆದರೆ ಇದು ಮೀಟಿಂಗ್ ನೆನಪಿಸುವ, ಜಿಮ್ ಸ್ಲಾಟ್ ಬುಕ್ ಮಾಡುವ, ಹೊತ್ತುಹೊತ್ತಿಗೆ ನೀರು ಕುಡಿ ಅಂತ ಹೇಳುವ ಯಾವುದೋ ಒಂದು ಆ್ಯಪ್ ನಿಮ್ಮ ಮುಂದೆ ಹಿಡಿಯುವ ಒಪ್ಪಿಗೆ ಪತ್ರ. ಕೆಳಗೆ ಎರಡು ಬಟನ್. ಊರಲ್ಲಿ ಎರಡು ಗುಂಟೆ ಜಮೀನಿಗೆ ಇಂಥ ಪತ್ರ ಬರೆದುಕೊಡಿ ಅಂದರೆ ನಿಮ್ಮಪ್ಪ ಮೂರು ಜನ ವಕೀಲರನ್ನ ಕೇಳದೆ ಪೆನ್ನು ಮುಟ್ಟೋದಿಲ್ಲ. ನೀವು ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಕ್ಯಾಬಿನೊಳಗೆ ಕೂತು ಹೆಬ್ಬೆರಳಲ್ಲಿ ಒತ್ತಿಬಿಡುತ್ತೀರಿ. ಹೆಬ್ಬೆಟ್ಟು ಒತ್ತುವವರು ಅಂತ ನಾವು ಒಂದು ಕಾಲದಲ್ಲಿ ಯಾರನ್ನ ನೋಡಿ ನಗುತ್ತಿದ್ದೆವು, ನೆನಪಿದೆಯಾ?

ಒತ್ತಿದವರನ್ನ ಬೈಯೋದಕ್ಕೆ ನಾನು ಇದನ್ನ ಬರೀತಿಲ್ಲ. ಪತ್ರ ಬರೆದವರನ್ನ ಬೈಯೋದಕ್ಕೆ ಬರೀತಿದ್ದೀನಿ. ಅಂದರೆ ನನ್ನ ಕಸುಬಿನವರನ್ನ. ಎಪಿಐ ಮೂಲಕ ಇನ್ನೊಬ್ಬರ ಕ್ಯಾಲೆಂಡರಿನಿಂದ ಈವೆಂಟಿನ ವಿವರ ತರೋದು ಇವತ್ತು ಹತ್ತು ಸಾಲಿನ ಕೋಡು. ಹೊಸದಾಗಿ ಸೇರಿದ ಹುಡುಗನೂ ಮಧ್ಯಾಹ್ನದ ಊಟದೊಳಗೆ ಬರೆದು ಮುಗಿಸುತ್ತಾನೆ. ಅಷ್ಟು ಸುಲಭ ಆಗಿರೋದರಿಂದಲೇ ‘ಇದು ನಮಗೆ ಬೇಕಾ?’ ಅಂತ ಯಾರೂ ಕೇಳುತ್ತಿಲ್ಲ. ನನ್ನ ವಾದ ಇಷ್ಟೇ: ಕ್ಯಾಲೆಂಡರ್ ಕೇಳುವ ಬಹುಪಾಲು ಆ್ಯಪ್‌ಗಳಿಗೆ ಈವೆಂಟಿನ ವಿವರ ಬೇಕಾಗಿಲ್ಲ. ಬೇಕಾಗಿಲ್ಲದಿದ್ದರೂ ಕೇಳೋದು ಬಗ್. ಟಿಕೆಟ್ ಹಾಕಿ ಸರಿಪಡಿಸಬೇಕಾದ ಬಗ್.

ಮೊದಲು, ಆ ಹತ್ತು ಸಾಲಿನ ಕೋಡು ಏನೇನು ಹೊತ್ತು ತರುತ್ತೆ ಅಂತ ನೋಡೋಣ. ಗೂಗಲ್ ಕ್ಯಾಲೆಂಡರ್ ಎಪಿಐನಲ್ಲಿ ಎರಡು ಬಾಗಿಲಿವೆ. ‘ಲಿಸ್ಟ್’ ಅಂದರೆ ಇರುವ ಎಲ್ಲ ಈವೆಂಟುಗಳ ಸಾಲು. ‘ಗೆಟ್’ ಅಂದರೆ ಐಡಿ ಕೊಟ್ಟು ಒಂದೇ ಈವೆಂಟನ್ನ ತರೋದು. ಕ್ಯಾಲೆಂಡರ್ ಐಡಿ ಜಾಗದಲ್ಲಿ ‘ಪ್ರೈಮರಿ’ ಅಂತ ಬರೆದರೆ ಸಾಕು, ಲಾಗಿನ್ ಆದವರ ಸ್ವಂತ ಕ್ಯಾಲೆಂಡರ್ ತೆರೆದುಕೊಳ್ಳುತ್ತೆ. ಉತ್ತರವಾಗಿ ಜೆಸನ್ ಬರುತ್ತೆ. ಅದರಲ್ಲಿ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಇರುತ್ತೆ. ಜೊತೆಗೆ ‘ಸಮರಿ’, ಅಂದರೆ ಈವೆಂಟಿನ ಹೆಸರು. ‘ಡಿಸ್ಕ್ರಿಪ್ಷನ್’, ಅಂದರೆ ಒಳಗೆ ಬರೆದ ಟಿಪ್ಪಣಿ. ‘ಲೊಕೇಷನ್’, ಅಂದರೆ ವಿಳಾಸ. ಮೀಟ್ ಲಿಂಕು. ಅಟ್ಯಾಚ್ ಮಾಡಿದ ಫೈಲುಗಳ ಕೊಂಡಿ. ಕರೆದವರು ಯಾರು, ಬರೆದವರು ಯಾರು. ‘ಅಟೆಂಡೀಸ್’, ಅಂದರೆ ಬರುವ ಪ್ರತಿಯೊಬ್ಬರ ಇಮೇಲ್. ಅದರ ಪಕ್ಕದಲ್ಲೇ ಅವರು ಒಪ್ಪಿದರಾ, ನಿರಾಕರಿಸಿದರಾ, ‘ನೋಡೋಣ’ ಅಂದರಾ, ಉತ್ತರವನ್ನೇ ಕೊಡಲಿಲ್ವಾ ಅನ್ನೋದು.

ಇಂದಿನಿಂದ ಮುಂದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಯಾವ ದಿನದಿಂದ ಅಂತ ಹೇಳದೆ ಕೇಳಿದರೆ ಹಿಂದಿನ ವರ್ಷಗಳ ಈವೆಂಟುಗಳೂ ಬರುತ್ತವೆ, ಪುಟಪುಟವಾಗಿ. ಗೂಗಲ್ ಕ್ಯಾಲೆಂಡರ್ ಶುರುವಾಗಿದ್ದು 2006ರಲ್ಲಿ. ಕಾಲೇಜಿನಿಂದ ಅದೇ ಖಾತೆ ಬಳಸುತ್ತಿರೋರ ಅರ್ಧ ಆಯುಸ್ಸು ಅದರಲ್ಲಿದೆ. ಅಳಿಸಿದ ಈವೆಂಟು ಕೂಡ ತಕ್ಷಣ ಹೋಗೋದಿಲ್ಲ. ಅಳಿಸಿದ್ದನ್ನೂ ತೋರಿಸು ಅನ್ನುವ ಒಂದು ಆಯ್ಕೆ ಎಪಿಐನಲ್ಲಿದೆ; ನೀವೇ ಇಟ್ಟುಕೊಂಡು ನೀವೇ ಅಳಿಸಿದ ಈವೆಂಟಿನ ಹೆಸರು, ಜಾಗ ಸ್ವಲ್ಪ ಕಾಲ ಅಲ್ಲೇ ಉಳಿದಿರುತ್ತವೆ. ತಪ್ಪಿ ಅಳಿಸಿದರೆ ವಾಪಸ್ ತರೋದಕ್ಕೆ ಅನುಕೂಲ ಆಗಲಿ ಅಂತ ಮಾಡಿದ್ದು. ಒಳ್ಳೇ ಉದ್ದೇಶವೇ. ಬಾಗಿಲು ಮಾತ್ರ ಎಲ್ಲರಿಗೂ ಒಂದೇ.

ನೀವು ಬರೆಯದೇ ಇದ್ದದ್ದೂ ಅಲ್ಲಿರುತ್ತೆ. ಜಿಮೇಲಿಗೆ ಬಂದ ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ತಾವಾಗಿಯೇ ಕ್ಯಾಲೆಂಡರಿಗೆ ಬಂದು ಕೂರುತ್ತವೆ. ಇವತ್ತು ಮನೆಯಿಂದ ಕೆಲಸವಾ, ಆಫೀಸಿನಿಂದಲಾ ಅನ್ನುವ ಗುರುತೂ ಒಂದು ಬಗೆಯ ಈವೆಂಟೇ. ಹೆಂಡತಿ ತನ್ನ ಕ್ಯಾಲೆಂಡರನ್ನ ನಿಮ್ಮ ಜೊತೆ ಹಂಚಿಕೊಂಡಿದ್ದರೆ, ‘ನಿಮಗೆ ಸಿಗುವ ಎಲ್ಲ ಕ್ಯಾಲೆಂಡರುಗಳು’ ಅನ್ನುವ ಮಾತಿನಲ್ಲಿ ಅವಳದ್ದೂ ಸೇರಿತು. ಅವಳು ಯಾವ ಬಟನ್ನೂ ಒತ್ತಿಲ್ಲ.

ನಮ್ಮಂಥವರ ಕ್ಯಾಲೆಂಡರಿನಲ್ಲಿ ಏನಿರುತ್ತೆ ಅಂತ ಬಿಡಿಸಿ ಹೇಳಬೇಕಾ? ಸ್ಟ್ಯಾಂಡಪ್, ಸ್ಪ್ರಿಂಟ್ ರಿವ್ಯೂ, ಮಗಳ ಪೇರೆಂಟ್ಸ್ ಮೀಟಿಂಗ್ ಇರುತ್ತೆ. ಬೇರೆ ಕಂಪನಿಯ ಎರಡನೇ ಸುತ್ತಿನ ಇಂಟರ್‌ವ್ಯೂ ಇರುತ್ತೆ. ಫರ್ಟಿಲಿಟಿ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಇರುತ್ತೆ. ಮಂಗಳವಾರ ಸಂಜೆ ಐದಕ್ಕೆ ತಪ್ಪದೆ ಬರುವ ಕೌನ್ಸೆಲಿಂಗ್ ಇರುತ್ತೆ. ಅಪ್ಪನ ಕೀಮೋ ದಿನಾಂಕ, ವಕೀಲರ ಭೇಟಿ, ಸಾಲ ತೀರಿಸುವ ಕಂತು ಇರುತ್ತೆ. ಮನುಷ್ಯನ ಬಗ್ಗೆ ಅವನ ಬ್ಯಾಂಕ್ ಪಾಸ್‌ಬುಕ್ಕಿಗಿಂತ ಹೆಚ್ಚು ಹೇಳೋದು ಅವನ ಕ್ಯಾಲೆಂಡರು. ಪಾಸ್‌ಬುಕ್ಕಿಗೆ ಆಗಿಹೋದದ್ದು ಗೊತ್ತು. ಕ್ಯಾಲೆಂಡರಿಗೆ ಮುಂದಿನ ಗುರುವಾರ ನೀವು ಎಲ್ಲಿರುತ್ತೀರಿ ಅನ್ನೋದೂ ಗೊತ್ತು.

ಈಗ ಹೇಳಿ, ಮೀಟಿಂಗಿಗೆ ಹೊತ್ತು ಹೊಂದಿಸುವ ಆ್ಯಪ್ ಒಂದಕ್ಕೆ ಇದರಲ್ಲಿ ಏನು ಬೇಕು? ಎರಡೇ ಅಂಕಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬಿಡುವಿಲ್ಲ.

ನಮ್ಮೂರ ಕಡೆ ಹೊರಟವರನ್ನ ‘ಎಲ್ಲಿಗೆ?’ ಅಂತ ಕೇಳೋ ಹಾಗಿಲ್ಲ. ಚಿಕ್ಕಂದಿನಲ್ಲಿ ಬಾಯಿ ತಪ್ಪಿ ಕೇಳಿದ ಮಕ್ಕಳೆಲ್ಲ ಬೈಸಿಕೊಂಡವರೇ. ಹೊರಟವರಿಗೆ ಎದುರಾದರೆ ‘ದೂರ ಹೊರಟ್ರಾ?’ ಅನ್ನಬೇಕು. ಎಲ್ಲಿಗೆ ಅಂದರೆ ಹೋದ ಕೆಲಸ ಕೆಡುತ್ತೆ ಅನ್ನೋದು ನಂಬಿಕೆ. ನಂಬಿಕೆ ಪಕ್ಕಕ್ಕಿಡಿ, ಆ ಪ್ರಶ್ನೆಯ ಡಿಸೈನ್ ನೋಡಿ. ‘ಹೂಂ, ಸ್ವಲ್ಪ ದೂರ’ ಅಂದರೆ ಮಾತು ಮುಗೀತು. ಹೇಳಬೇಕು ಅನ್ನಿಸಿದವರು ‘ಮಗಳ ಮನೆಗೆ’ ಅಂತ ತಾವೇ ಸೇರಿಸುತ್ತಾರೆ. ಎಷ್ಟು ಹೇಳಬೇಕು ಅನ್ನೋದು ಹೊರಟವರ ಕೈಯಲ್ಲಿದೆ. ಕೂಲಿಗೆ ಕರೆಯೋರು ಕೂಡ ಹಿಂದಿನ ಸಂಜೆ ಬಂದು ‘ನಾಳಿಕೆ ಬಿಡುವೇನಣ್ಣ?’ ಅಂತಾರೆ. ‘ಇಲ್ಲ ಕಣಪ್ಪ, ನಾಡಿದ್ದು ಬತ್ತೀನಿ’ ಅಂದರೆ ‘ಯಾಕೆ, ನಾಳೆ ಏನು ಕೆಲ್ಸ, ಯಾರ ಜೊತೆ, ಎಷ್ಟೊತ್ತು’ ಅಂತ ಕೇಳೋದಿಲ್ಲ. ಕೇಳಿದರೆ ಅವರ ಹೊಲಕ್ಕೆ ಮತ್ತೆ ಯಾರೂ ಹೋಗೋದಿಲ್ಲ.

ಇದೇ ಮರ್ಯಾದೆ ನಮ್ಮ ತಂತ್ರಜ್ಞಾನದಲ್ಲೂ ಇದೆ, ತುಂಬ ಹಿಂದಿನಿಂದ ಇದೆ. ಕ್ಯಾಲೆಂಡರುಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಐಕ್ಯಾಲೆಂಡರ್ ಅನ್ನುವ ಮಾನದಂಡ ಬಂದದ್ದು 1998ರಲ್ಲಿ. ಅದರಲ್ಲೇ ಈವೆಂಟಿಗೆ ಒಂದು ರೂಪ, ಬಿಡುವು ಇದೆಯೋ ಇಲ್ಲವೋ ಅನ್ನೋದಕ್ಕೆ ಬೇರೆಯೇ ಒಂದು ರೂಪ ಮಾಡಿಟ್ಟಿದ್ದರು. ಅದರ ಹೆಸರು ‘ಫ್ರೀ-ಬಿಸಿ’. ಈವೆಂಟು ಸಾರ್ವಜನಿಕವಾ, ಖಾಸಗಿಯಾ, ಗೋಪ್ಯವಾ ಅಂತ ಗುರುತು ಹಾಕುವ ಜಾಗವನ್ನೂ ಬಿಟ್ಟಿದ್ದರು. 2009ರಲ್ಲಿ ಆ ಮಾನದಂಡ ಪರಿಷ್ಕರಣೆ ಆದಾಗಲೂ ಇವೆರಡೂ ಉಳಿದವು. ಗೂಗಲ್ ಎಪಿಐನಲ್ಲಿ ಫ್ರೀ-ಬಿಸಿಗೆ ಪ್ರತ್ಯೇಕ ಬಾಗಿಲೇ ಇದೆ. ಈ ಹೊತ್ತಿನಿಂದ ಆ ಹೊತ್ತಿನವರೆಗೆ, ಈ ಕ್ಯಾಲೆಂಡರು ಅಂತ ಕೇಳಿದರೆ ಬಿಡುವಿಲ್ಲದ ಹೊತ್ತುಗಳ ಶುರು ಮತ್ತು ಕೊನೆ ಮಾತ್ರ ಕೊಡುತ್ತೆ. ಹೆಸರಿಲ್ಲ, ಜಾಗವಿಲ್ಲ, ಬರೋರ ಪಟ್ಟಿಯಿಲ್ಲ. ಅದಕ್ಕೆಂದೇ ಒಂದು ಪುಟ್ಟ ಸ್ಕೋಪ್ ಇದೆ. ಒಪ್ಪಿಗೆ ಪರದೆಯಲ್ಲಿ ಅದು ನಿಮ್ಮ ಬಿಡುವನ್ನು ನೋಡುವುದು ಅಂತಷ್ಟೇ ಹೇಳುತ್ತೆ. ಮೈಕ್ರೋಸಾಫ್ಟ್ ಗ್ರಾಫ್‌ನಲ್ಲೂ ಹೀಗೇ. ಒಬ್ಬರ ದಿನವನ್ನ ಅದು ಬರೀ ಅಂಕಿಗಳ ಸಾಲಾಗಿ ಹೇಳಬಲ್ಲದು: ಸೊನ್ನೆ ಅಂದರೆ ಬಿಡುವು, ಎರಡು ಅಂದರೆ ಕೆಲಸ, ಮೂರು ಅಂದರೆ ಆಫೀಸಿನಲ್ಲಿಲ್ಲ. ವಿವರ ಬೇಕೇ ಬೇಕು ಅಂದರೂ ಒಳಗಿನ ಟಿಪ್ಪಣಿ, ಅಟ್ಯಾಚ್‌ಮೆಂಟ್ ಬಿಟ್ಟು ಮಿಕ್ಕದ್ದನ್ನ ಮಾತ್ರ ಕೊಡುವ ‘ರೀಡ್ ಬೇಸಿಕ್’ ಅನ್ನುವ ಕೆಳಗಿನ ಮೆಟ್ಟಿಲಿದೆ.

ಕ್ಯಾಲೆಂಡರಿಗೆ ಏನಾದರೂ ಸೇರಿಸಬೇಕು ಅನ್ನುವ ಆ್ಯಪ್‌ಗಳಿಗೂ ದಾರಿ ಇದೆ. ಕಂತಿನ ದಿನಾಂಕ, ಕ್ರಿಕೆಟ್ ಮ್ಯಾಚು, ಲಸಿಕೆ ದಿನ ಇಂಥದ್ದನ್ನ ಹಾಕಲು ನಿಮ್ಮ ಇಡೀ ಕ್ಯಾಲೆಂಡರಿನ ಕೀಲಿಕೈ ಬೇಡ. ಆ್ಯಪ್ ತಾನೇ ಒಂದು ಬೇರೆ ಕ್ಯಾಲೆಂಡರ್ ಮಾಡಿಕೊಂಡು, ಅದರೊಳಗೆ ಮಾತ್ರ ಓಡಾಡುವಂಥ ಸ್ಕೋಪ್ ಗೂಗಲ್ ಕೊಟ್ಟಿದೆ. ಬಾಡಿಗೆದಾರರಿಗೆ ಅವರ ಮನೆಯ ಕೀಲಿ ಕೊಟ್ಟ ಹಾಗೆ.

ದಾರಿ ಇದ್ದೂ ನಮ್ಮವರು ಯಾಕೆ ಹೋಗೋದಿಲ್ಲ?

ಮೊದಲ ಕಾರಣ ಕಾಪಿ-ಪೇಸ್ಟ್. ಗೂಗಲ್ ಕೊಟ್ಟಿರುವ ಕಲಿಕೆಯ ಮಾದರಿ ಕೋಡು ಕ್ಯಾಲೆಂಡರ್ ಪೂರ್ತಿ ಓದುವ ಸ್ಕೋಪ್ ಇಟ್ಟುಕೊಂಡು, ಪ್ರೈಮರಿ ಕ್ಯಾಲೆಂಡರಿನಿಂದ ಮುಂದಿನ ಹತ್ತು ಈವೆಂಟು ತೆಗೆದು ತೋರಿಸುತ್ತೆ. ಕಲಿಯೋದಕ್ಕೆ ಅದು ಸರಿ. ಅದನ್ನೇ ತಂದು ಪ್ರೊಡಕ್ಷನ್ನಿನಲ್ಲಿ ಕೂರಿಸಿ ಲಕ್ಷಾಂತರ ಜನರ ಮುಂದೆ ಹಿಡಿಯೋದು ಸರಿಯಲ್ಲ. ಈಜು ಕಲಿಯುವಾಗ ಕಟ್ಟಿಕೊಂಡ ಸೋರೆಬುರುಡೆಯನ್ನ ಯಾರೂ ಆಫೀಸಿಗೆ ಕಟ್ಟಿಕೊಂಡು ಹೋಗೋದಿಲ್ಲ.

ಎರಡನೆಯದು, ‘ಮುಂದೆ ಬೇಕಾಗಬಹುದು’ ಅನ್ನೋದು. ಪ್ರಾಡಕ್ಟ್ ಮ್ಯಾನೇಜರುಗಳ ಬಾಯಲ್ಲಿ ಇದು ಮಂತ್ರ. ಮುಂದಿನ ಕ್ವಾರ್ಟರಿನಲ್ಲಿ ಯಾವುದೋ ಸ್ಮಾರ್ಟ್ ಫೀಚರ್ ಬರುತ್ತೆ, ಆಗ ಮತ್ತೆ ಯೂಸರ್ ಹತ್ತಿರ ಒಪ್ಪಿಗೆ ಕೇಳೋಕೆ ಹೋದರೆ ಅರ್ಧ ಜನ ಉದುರಿಹೋಗುತ್ತಾರೆ, ಅದಕ್ಕೆ ಈಗಲೇ ಎಲ್ಲ ತಗೊಂಡುಬಿಡೋಣ ಅಂತ. ಅಂದರೆ ಗೊತ್ತಾದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿರೋದರಿಂದಲೇ ಗೊತ್ತಾಗುವ ಮೊದಲು ತಗೊಳ್ಳೋಣ ಅನ್ನೋದು. ಇದನ್ನ ಬಿಸಿನೆಸ್ ಅಂತ ಕರೆಯಿರಿ, ಒಪ್ಪಿಗೆ ಅಂತ ಕರೆಯಬೇಡಿ. ಗೂಗಲ್‌ನ ನೀತಿಯಲ್ಲೇ ಇನ್ನೂ ಕಟ್ಟದ ಫೀಚರಿಗಾಗಿ ಮುಂಗಡ ಅನುಮತಿ ಕೇಳಬೇಡಿ ಅಂತ ಬರೆದಿದೆ. ಬೇಕಾದಾಗ ಬೇಕಾದಷ್ಟನ್ನೇ ಹೆಚ್ಚುವರಿಯಾಗಿ ಕೇಳುವ ಸೌಲಭ್ಯವನ್ನೂ ಕೊಟ್ಟಿದ್ದಾರೆ. ಓದೋರು ಯಾರು?

ಮೂರನೆಯದು, ಕಾವಲೇ ಸಡಿಲ. ಜಿಮೇಲಿನ ಪತ್ರ ಓದುವ ಸ್ಕೋಪ್ ಗೂಗಲ್‌ನ ಲೆಕ್ಕದಲ್ಲಿ ‘ನಿರ್ಬಂಧಿತ’ ವರ್ಗದ್ದು. ಆ ಪತ್ರಗಳನ್ನ ತನ್ನ ಸರ್ವರಿಗೆ ತರುವ ಆ್ಯಪ್ ಹೊರಗಿನವರಿಂದ ಭದ್ರತಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ಯಾಲೆಂಡರ್ ಪೂರ್ತಿ ಓದುವ ಸ್ಕೋಪ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಸೂಕ್ಷ್ಮ’ ವರ್ಗದ್ದು. ಒಂದೇ ಇಂಟರ್‌ವ್ಯೂ ಆಹ್ವಾನ ಮೇಲ್ ಆಗಿ ಬಂದರೆ ಕಬ್ಬಿಣದ ಗೇಟು, ಕ್ಯಾಲೆಂಡರಿಗೆ ಬಂದು ಕೂತರೆ ಬಿದಿರಿನ ತಡಿಕೆ. ಇಲ್ಲಿ ನನ್ನ ತಕರಾರು ಗೂಗಲ್ ಜೊತೆಗೂ ಇದೆ.

ಇದರಿಂದ ಏನಾಗಿಬಿಡುತ್ತೆ ಅನ್ನೋರಿಗೆ ಒಂದು ಚಿಕ್ಕ ಉದಾಹರಣೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಮೀಟಿಂಗ್ ರೂಮುಗಳ ಬಾಗಿಲ ಪಕ್ಕ ಪುಟ್ಟ ಪರದೆ ಹಾಕಿಸಿದರು. ರೂಮು ಖಾಲಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪಿನ ಮೇಲೆ ದೊಡ್ಡಕ್ಷರದಲ್ಲಿ ಈವೆಂಟಿನ ಹೆಸರು, ಕರೆದವರ ಹೆಸರು. ಒಂದು ಸೋಮವಾರ ಬೆಳಗ್ಗೆ ಆ ಪರದೆಯ ಮೇಲೆ ಒಬ್ಬ ಹುಡುಗನ ಹೆಸರು, ಮುಂದೆ ‘ಪಿಐಪಿ ಡಿಸ್ಕಷನ್’. ಆ ಮೂರಕ್ಷರ ಅಂದರೆ ಏನು ಅಂತ ಈ ಊರಿನ ಯಾವ ಟೆಕ್ಕಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಮಷೀನ್ ಇದ್ದದ್ದು ಎದುರಿಗೇ. ಒಳಗಿನ ಮಾತು ಶುರುವಾಗೋ ಮೊದಲೇ ಇಡೀ ಫ್ಲೋರಿಗೆ ಗೊತ್ತಾಗಿತ್ತು. ಅವನು ಹೊರಗೆ ಬಂದಾಗ ಎಲ್ಲರೂ ಮಾನಿಟರ್ ನೋಡುತ್ತಿದ್ದರು.

ಹ್ಯಾಕರ್ ಬಂದಿರಲಿಲ್ಲ. ಡೇಟಾ ಸೋರಿರಲಿಲ್ಲ. ಎಲ್ಲವೂ ಡಾಕ್ಯುಮೆಂಟೇಷನ್ನಿನಲ್ಲಿ ಹೇಳಿದ ಹಾಗೇ ಕೆಲಸ ಮಾಡುತ್ತಿತ್ತು. ಬಾಗಿಲ ಮೇಲಿನ ಪರದೆಗೆ ಗೊತ್ತಿರಬೇಕಾದದ್ದು ‘ನಾಲ್ಕು ಗಂಟೆವರೆಗೆ ಖಾಲಿ ಇಲ್ಲ’ ಅನ್ನೋದೊಂದೇ. ಯಾರೋ ಒಬ್ಬರು ಫ್ರೀ-ಬಿಸಿ ಬಾಗಿಲು ಬಿಟ್ಟು ಈವೆಂಟಿನ ಬಾಗಿಲು ತಟ್ಟಿದರು, ಬಂದದ್ದನ್ನೆಲ್ಲ ತೋರಿಸಿದರು. ಅಷ್ಟೇ ಆಗಿದ್ದು. ಎಪಿಐನಿಂದ ಬಂದ ಒಂದು ಫೀಲ್ಡು ಯಾವತ್ತಿದ್ದರೂ ಯಾವುದಾದರೂ ಪರದೆ, ಲಾಗು, ರಿಪೋರ್ಟು ಹುಡುಕಿಕೊಂಡು ಹೋಗುತ್ತೆ.

ಇಲ್ಲಿ ಬರುವ ಆಕ್ಷೇಪಗಳು ನನಗೆ ಬಾಯಿಪಾಠ. ಒಂದೊಂದಾಗಿ ನೋಡೋಣ.

‘ತಪ್ಪು ಮಾಡದವರಿಗೆ ಮುಚ್ಚಿಡೋಕೆ ಏನಿದೆ?’ ಬಚ್ಚಲಿಗೆ ಬಾಗಿಲು ಯಾಕಿದೆಯೋ ಅದಕ್ಕೇ. ಇನ್ನೂ ಒಂದು ಮಾತು. ನಿಮ್ಮ ಕ್ಯಾಲೆಂಡರಿನಲ್ಲಿ ಇರೋದು ನಿಮ್ಮೊಬ್ಬರ ಗುಟ್ಟಲ್ಲ, ಆಹ್ವಾನಿತರ ಪಟ್ಟಿಯಲ್ಲಿರುವ ಎಲ್ಲರದ್ದೂ. ಕೇಂಬ್ರಿಜ್ ಅನಲಿಟಿಕಾ ಹಗರಣ ಮರೆತುಹೋಯ್ತಾ? 2018ರಲ್ಲಿ ಫೇಸ್‌ಬುಕ್ ಕೊಟ್ಟ ಲೆಕ್ಕದ ಪ್ರಕಾರ ಆ ಕ್ವಿಜ್ ಆ್ಯಪನ್ನ ಭಾರತದಲ್ಲಿ ಹಾಕಿಕೊಂಡವರು 335 ಜನ. ಅವರ ಸ್ನೇಹಿತರ ಮೂಲಕ ಮಾಹಿತಿ ಹೋಗಿರಬಹುದಾದವರು 5.62 ಲಕ್ಷ. ಒಬ್ಬರ ಒಪ್ಪಿಗೆ ಉಳಿದವರ ಪರವಾಗಿ ಹೆಬ್ಬೆಟ್ಟು ಆಯ್ತು. ಕ್ಯಾಲೆಂಡರಿನ ಅಟೆಂಡೀಸ್ ಪಟ್ಟಿ ಕೂಡ ಅಂಥದ್ದೇ.

‘ಖಾಸಗಿ ಅಂತ ಗುರುತು ಹಾಕಿಕೊಳ್ಳಲಿ, ಆಯ್ಕೆ ಇದೆಯಲ್ಲ.’ ಇದೆ. ಆ ಗುರುತು ನಿಮ್ಮ ಕ್ಯಾಲೆಂಡರನ್ನ ಹೊರಗಿನಿಂದ ನೋಡುವ ಸಹೋದ್ಯೋಗಿಗಳಿಗೆ ಅಡ್ಡ ನಿಲ್ಲುತ್ತೆ. ನೀವೇ ‘ಅಲೋ’ ಒತ್ತಿ ಟೋಕನ್ ಕೊಟ್ಟ ಆ್ಯಪ್ ನಿಮ್ಮ ಹೆಸರಿನಲ್ಲೇ ಒಳಗೆ ಹೋಗುತ್ತೆ. ಅದಕ್ಕೆ ಖಾಸಗಿ ಈವೆಂಟೂ ತೆರೆದ ಪುಸ್ತಕ. ಬೀಗ ಹಾಕಿದ್ದೀರಿ, ಸರಿ. ಕೀಲಿ ಅವರ ಜೇಬಿನಲ್ಲಿದೆ.

‘ನಾವು ಬರೀ ಶುರು-ಕೊನೆ ಎರಡೇ ಫೀಲ್ಡ್ ತಗೋತೀವಿ.’ ಬೇಕಾದ ಫೀಲ್ಡುಗಳ ಹೆಸರು ಕೊಟ್ಟು ಅಷ್ಟನ್ನೇ ತರುವ ಸೌಲಭ್ಯ ನಿಜಕ್ಕೂ ಇದೆ, ಬಳಸಿದರೆ ಒಳ್ಳೆಯದೇ. ಆದರೆ ಅದು ನಿಮ್ಮ ಇವತ್ತಿನ ಸಂಯಮ, ಯೂಸರ್‌ಗೆ ಸಿಕ್ಕ ರಕ್ಷಣೆ ಅಲ್ಲ. ಟೋಕನ್ ಇನ್ನೂ ಪೂರ್ತಿ ಬಾಗಿಲು ತೆರೆಯುತ್ತೆ. ನಾಳೆ ನಿಮ್ಮ ಕಂಪನಿಯನ್ನ ಇನ್ನೊಬ್ಬರು ಕೊಳ್ಳುತ್ತಾರೆ, ನಾಡಿದ್ದು ನಿಮ್ಮ ಡೇಟಾಬೇಸ್ ಯಾರದ್ದೋ ಕೈ ಸೇರುತ್ತೆ. ಆಕ್ಸೆಸ್ ಟೋಕನ್ ಒಂದು ಗಂಟೆಯಲ್ಲಿ ಸಾಯುತ್ತೆ, ನಿಜ. ಅದನ್ನ ಮತ್ತೆ ಮತ್ತೆ ಹುಟ್ಟಿಸುವ ರಿಫ್ರೆಶ್ ಟೋಕನ್ ಸರ್ವರಿನಲ್ಲಿ ಕೂತಿರುತ್ತೆ. ಯೂಸರ್ ಫೋನಿನಿಂದ ಆ್ಯಪ್ ಕಿತ್ತು ಬಿಸಾಕಿದರೂ ಅದು ಕೂತೇ ಇರುತ್ತೆ. ಖಾತೆಯ ಸೆಟ್ಟಿಂಗಿಗೆ ಹೋಗಿ ಅನುಮತಿ ಹಿಂಪಡೆಯೋದು ಬೇರೆಯೇ ಕೆಲಸ ಅಂತ ಎಷ್ಟು ಜನರಿಗೆ ಹೇಳಿದ್ದೀರಿ?

‘ಎಐ ಸಹಾಯಕನಿಗೆ ಎಲ್ಲ ವಿವರ ಬೇಕಾಗುತ್ತೆ.’ ಇದರಲ್ಲಿ ನಿಜ ಇದೆ. ನಾಳಿನ ಮೀಟಿಂಗಿಗೆ ತಯಾರಿ ಮಾಡಿಕೊಡು ಅಂತ ಕೇಳಿದರೆ ಮೀಟಿಂಗು ಯಾವುದು ಅಂತ ಅದಕ್ಕೆ ಗೊತ್ತಾಗಬೇಕು. ಅಂಥ ಕೆಲಸಕ್ಕೆ ವಿವರ ಕೇಳಿ, ತಪ್ಪಿಲ್ಲ. ಓದುವುದಷ್ಟೇ ಕೆಲಸ ಆದರೆ ತಿದ್ದುವ, ಅಳಿಸುವ ಅಧಿಕಾರ ಯಾಕೆ? ಇನ್ನೊಂದು ಅಪಾಯವೂ ಇದೆ. ಕ್ಯಾಲೆಂಡರಿನಲ್ಲಿರುವ ಮಾತೆಲ್ಲ ನೀವು ಬರೆದದ್ದಲ್ಲ. ನಿಮ್ಮ ಇಮೇಲ್ ಗೊತ್ತಿರುವ ಯಾರು ಬೇಕಾದರೂ ಆಹ್ವಾನ ಕಳಿಸಬಹುದು. 2025ರ ಆಗಸ್ಟಿನಲ್ಲಿ ಇಸ್ರೇಲಿನ ಸಂಶೋಧಕರು ಕ್ಯಾಲೆಂಡರ್ ಆಹ್ವಾನದಲ್ಲಿ ಆದೇಶ ಬಚ್ಚಿಟ್ಟು, ಅದನ್ನ ಓದಿದ ಜೆಮಿನೈ ಕೈಯಲ್ಲಿ ಮನೆಯ ದೀಪಗಳನ್ನ ಆರಿಸುವ ತನಕ ತೋರಿಸಿದರು. ಆ ತೂತುಗಳಿಗೆ ಗೂಗಲ್ ತೇಪೆ ಹಾಕಿತು. ಪಾಠ ಉಳಿಯಿತು: ಓದುವ ಯಂತ್ರಕ್ಕೆ ಮಾಡುವ ಅಧಿಕಾರವನ್ನೂ ಕೊಟ್ಟರೆ, ಅಪರಿಚಿತರು ಬರೆದ ಚೀಟಿಗೂ ಅದು ಎದ್ದು ಕುಣಿಯಬಹುದು.

‘ಊರಲ್ಲಿ ಎಲ್ಲರ ಸುದ್ದಿ ಎಲ್ಲರಿಗೂ ಗೊತ್ತಿರುತ್ತೆ, ಅಲ್ಲಿ ಎಲ್ಲಿ ಬಂತು ಪ್ರೈವಸಿ?’ ನನಗೆ ಹೆಚ್ಚು ಸಲ ಎದುರಾಗಿರೋದು ಇದೇ ಪ್ರಶ್ನೆ, ಅದೂ ನನ್ನಂಥ ಊರಿನಿಂದ ಬಂದವರಿಂದಲೇ. ಊರು ಸ್ವರ್ಗ ಅಂತ ನಾನೂ ಹೇಳೋದಿಲ್ಲ. ಅರಳಿಕಟ್ಟೆಯ ಮೇಲೆ ಹೆಣ್ಣುಮಕ್ಕಳ ಬಗ್ಗೆ ಆಡುವ ಮಾತು ಕೇಳಿದವರು ಹಾಗೆ ಹೇಳಲಾರರು. ಆದರೆ ಅಲ್ಲಿ ಒಂದು ಲೆಕ್ಕ ಇದೆ. ನನ್ನ ಸುದ್ದಿ ಗೊತ್ತಿರೋನ ಸುದ್ದಿ ನನಗೂ ಗೊತ್ತು. ಅವನ ಮುಖ ಗೊತ್ತು, ಮನೆ ಗೊತ್ತು, ನಾಳೆ ಎದುರಿಗೇ ಸಿಗುತ್ತಾನೆ. ಸರ್ವರಿಗೆ ನನ್ನ ಇಪ್ಪತ್ತು ವರ್ಷ ಗೊತ್ತು, ನನಗೆ ಅದು ಯಾವ ದೇಶದಲ್ಲಿದೆ ಅಂತಲೂ ಗೊತ್ತಿಲ್ಲ. ಇದನ್ನ ಅರಳಿಕಟ್ಟೆಗೆ ಹೋಲಿಸೋದು ಅರಳಿಕಟ್ಟೆಗೆ ಮಾಡುವ ಅವಮಾನ.

ಕಾನೂನು ಏನು ಹೇಳುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮವರೇ ಹೂಡಿದ್ದ ಕೇಸಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲೇ ಆ ತೀರ್ಪು ಓಡಾಡುತ್ತೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 6ನೇ ಸೆಕ್ಷನ್ ಹೇಳೋದು ಸರಳ: ಒಪ್ಪಿಗೆ ಅನ್ನೋದು ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತೆ. ಫೋನಿನಲ್ಲೇ ಡಾಕ್ಟರನ್ನ ತೋರಿಸುವ ಆ್ಯಪ್ ಒಂದು ಕಾಂಟ್ಯಾಕ್ಟ್ ಲಿಸ್ಟ್ ಕೇಳಿತು, ಬಳಕೆದಾರರು ಎರಡಕ್ಕೂ ಹೂಂ ಅಂದರು. ಆದರೂ ಚಿಕಿತ್ಸೆಗೆ ಕಾಂಟ್ಯಾಕ್ಟ್ ಲಿಸ್ಟ್ ಬೇಕಿಲ್ಲದ್ದರಿಂದ ಆ ಹೂಂ ಚಿಕಿತ್ಸೆಯ ಮಟ್ಟಿಗೆ ಮಾತ್ರ ಲೆಕ್ಕ. ಕಾಂಟ್ಯಾಕ್ಟ್ ಲಿಸ್ಟ್ ಇರುವ ಜಾಗದಲ್ಲಿ ಈವೆಂಟಿನ ವಿವರ ಅಂತ ಇಟ್ಟು ಓದಿ ನೋಡಿ. ಒಪ್ಪಿಗೆ ಕೋರಿಕೆಯನ್ನ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು ಅಂತಲೂ ಇದೇ ಕಾಯ್ದೆ ಹೇಳುತ್ತೆ. ಅಂದರೆ ಕನ್ನಡದಲ್ಲೂ. ‘ಶಾಶ್ವತವಾಗಿ ಅಳಿಸುವುದು’ ಅಂತ ಕನ್ನಡದಲ್ಲಿ ಬರೆದಿದ್ದರೆ ಎಷ್ಟು ಹೆಬ್ಬೆರಳುಗಳು ಅರ್ಧದಲ್ಲೇ ನಿಲ್ಲುತ್ತಿದ್ದವು ಅಂತ ಯೋಚಿಸಿ.

ಕಾನೂನಿನ ಮೇಲೇ ಭಾರ ಹಾಕಿ ಕೂರೋ ಹಾಗೂ ಇಲ್ಲ. ಅದರ ನಿಯಮಗಳು ಹೊರಬಂದದ್ದೇ 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳಿಗೆ ಕಂಪನಿಗಳಿಗೆ ಹದಿನೆಂಟು ತಿಂಗಳ ಸಮಯ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ದತ್ತಾಂಶ ಬಳಸಬಹುದು ಅನ್ನುವ ಕಿಂಡಿಯೂ 7ನೇ ಸೆಕ್ಷನ್ನಿನಲ್ಲಿದೆ. ಆಫೀಸ್ ಖಾತೆಯ ಕಥೆಯಂತೂ ಇನ್ನೂ ಸರಳ. ಅಡ್ಮಿನ್ ಒಂದು ಕಡೆ ಅನುಮತಿ ಕೊಟ್ಟರೆ ಯಾವುದೋ ಟೂಲು ಪ್ರತಿಯೊಬ್ಬ ಉದ್ಯೋಗಿಯ ಹೆಸರಿನಲ್ಲೂ ಕ್ಯಾಲೆಂಡರ್ ಓದಬಹುದು. ಉದ್ಯೋಗಿಗೆ ಒಪ್ಪಿಗೆ ಪರದೆ ಬರೋದೇ ಇಲ್ಲ. ಅದಕ್ಕೇ ಹೇಳೋದು, ಕೌನ್ಸೆಲಿಂಗ್ ಮತ್ತು ಇಂಟರ್‌ವ್ಯೂ ಎರಡನ್ನೂ ಆಫೀಸ್ ಕ್ಯಾಲೆಂಡರಿಗೆ ಹಾಕಬೇಡಿ. ಇವತ್ತೇ ನಿಮ್ಮ ಸ್ವಂತ ಖಾತೆಯ ಸೆಟ್ಟಿಂಗಿಗೆ ಹೋಗಿ, ಯಾವ ಆ್ಯಪ್‌ಗಳ ಹತ್ತಿರ ಕ್ಯಾಲೆಂಡರಿನ ಕೀಲಿ ಇದೆ ಅಂತ ನೋಡಿ. ಹೆಸರು ಕೂಡ ನೆನಪಿಲ್ಲದ ಆ್ಯಪ್ ಕಂಡರೆ ಕೀಲಿ ವಾಪಸ್ ಇಸ್ಕೊಳ್ಳಿ.

ಆದರೆ ಬಳಕೆದಾರರು ಹುಷಾರಾಗಿರಲಿ ಅಂತ ಹೇಳಿ ಕೈ ತೊಳೆದುಕೊಳ್ಳೋದು ಕಳ್ಳತನಕ್ಕೆ ಬೀಗದವನನ್ನ ಬೈದ ಹಾಗೆ. ಹಾಗೆ ಬಿಟ್ಟರೆ ಜನ ಕೊನೆಗೆ ತಮ್ಮದೇ ಡೈರಿಯಲ್ಲಿ ಸುಳ್ಳು ಬರೆಯೋದು ಕಲಿಯುತ್ತಾರೆ. ಈಗಾಗಲೇ ಎಷ್ಟೋ ಜನರ ಕ್ಯಾಲೆಂಡರಿನಲ್ಲಿ ಡಾಕ್ಟರ ಭೇಟಿ ‘ಬ್ಲಾಕ್ಡ್’ ಆಗಿದೆ, ಇಂಟರ್‌ವ್ಯೂ ‘ಬ್ಯಾಂಕ್ ಕೆಲಸ’ ಆಗಿದೆ. ತನ್ನ ನೆನಪಿಗೆ ತಾನು ಬರೆದುಕೊಳ್ಳುವ ಚೀಟಿಯಲ್ಲೂ ಮನುಷ್ಯ ಮುಸುಕು ಹಾಕಿಕೊಳ್ಳಬೇಕು ಅಂದರೆ ಆ ಸಾಧನ ಕೆಟ್ಟಿದೆ. ಕೆಡಿಸಿದವರು ಕೋಡು ಬರೆಯುವವರು.

ಆದ್ದರಿಂದ ಕೋಡು ಬರೆಯುವ ಗೆಳೆಯರೇ, ನಿಮ್ಮನ್ನ ಕೇಳುತ್ತಿರೋದು ನಾಲ್ಕೇ. ‘ಕ್ಯಾಲೆಂಡರ್ ಇಂಟಿಗ್ರೇಷನ್’ ಅಂತ ಟಿಕೆಟ್ ಬಂದಾಗ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಅದರಲ್ಲೇ ಬರೆಸಿ; ಪ್ರಶ್ನೆ ‘ಬಿಡುವಿದೆಯಾ’ ಆಗಿದ್ದರೆ ಫ್ರೀ-ಬಿಸಿ ಬಿಟ್ಟು ಬೇರೆ ಸ್ಕೋಪ್ ಮುಟ್ಟಬೇಡಿ. ವಿವರ ನಿಜಕ್ಕೂ ಬೇಕಿದ್ದರೆ ಆ ಫೀಚರ್ ತೆರೆದ ಹೊತ್ತಿಗೆ ಕೇಳಿ, ಬೇಕಾದ ಫೀಲ್ಡ್ ಮಾತ್ರ ತನ್ನಿ. ತಂದದ್ದನ್ನ ಡೇಟಾಬೇಸಿನಲ್ಲಿ, ಲಾಗಿನಲ್ಲಿ ಕೂಡಿಡಬೇಡಿ. ನಾಳೆ ಬೇಕಾದರೆ ನಾಳೆ ಮತ್ತೆ ತಂದರಾಯ್ತು. ಯೂಸರ್ ಖಾತೆ ಮುಚ್ಚಿದ ದಿನ ಟೋಕನನ್ನ ನೀವೇ ರದ್ದು ಮಾಡಿ. ಇವುಗಳಲ್ಲಿ ಒಂದಕ್ಕೂ ಹೊಸ ಲೈಬ್ರರಿ ಬೇಡ, ಬಜೆಟ್ ಬೇಡ, ಯಾರ ಅಪ್ರೂವಲ್ಲೂ ಬೇಡ. ಕೋಡ್ ರಿವ್ಯೂ ಮಾಡುವಾಗ ಸ್ಕೋಪಿನ ಸಾಲಿನ ಪಕ್ಕ ‘ಇದು ಯಾಕೆ?’ ಅಂತ ಒಂದು ಕಾಮೆಂಟ್ ಹಾಕೋದಕ್ಕೆ ಅರ್ಧ ನಿಮಿಷ ಸಾಕು. ಉತ್ತರ ‘ಮುಂದೆ ಬೇಕಾಗಬಹುದು’ ಅಂತ ಬಂದರೆ ಅಪ್ರೂವ್ ಬಟನ್ ಒತ್ತಬೇಡಿ. ಆ ಹೆಬ್ಬೆರಳು ನಿಮ್ಮದೇ.